ಕಾಯಿಲೆಯಿಂದ ಎದ್ದ ಮೇಲೆ ಗಿರಿಯಲ್ಲಿ ರಿಲೇ ಓಡುವುದು ಹೇಗೆ

ಮಲೆನಾಡಿನಲ್ಲಿ ಜ್ವರದ ಕಾಲ ಮುಗಿಯುವ ಹೊತ್ತಿಗೆ ಓಟದ ಕಾಲ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನಿಂತ ನೀರು, ಸೊಳ್ಳೆ. ಡೆಂಗಿ, ಟೈಫಾಯ್ಡ್, ಹೆಸರಿಲ್ಲದ ವೈರಲ್ ಜ್ವರ. 2024ರ ಮಳೆಗಾಲದಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಆಮೇಲೆ ಮಳೆ ನಿಲ್ಲುತ್ತದೆ. ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಗಿರಿ ಇನ್ನೂ ಹಸಿರಾಗಿರುತ್ತದೆ. ಚಿಕ್ಕಮಗಳೂರು, ಸಕಲೇಶಪುರ ಕಡೆಯ ದಾರಿಗಳಲ್ಲಿ ಓಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬೇಸಿಗೆಯಲ್ಲೇ ನಾಲ್ಕು ಜನ ಸೇರಿ ರಿಲೇಗೆ ಹೆಸರು ಕೊಟ್ಟಿರುತ್ತಾರೆ. ಅವರಲ್ಲಿ ಒಬ್ಬರು ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದು ಈಗಷ್ಟೇ ಎದ್ದಿರುತ್ತಾರೆ. ಈ ಬರಹ ಅವರಿಗೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ರಿಲೇಯಲ್ಲಿ ಅದನ್ನು ಹಂಚಿಕೊಂಡು ಓಡುತ್ತೇವೆ. ಹಾಗಾಗಿ ಪೂರ್ತಿ ಓಡಲು ಆಗದವರಿಗೂ ಒಂದು ಜಾಗ ಸಿಗುತ್ತದೆ. ಚೇತರಿಸಿಕೊಳ್ಳುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಆದರೆ ರಿಲೇಯಲ್ಲೇ ಒಂದು ಅಪಾಯವೂ ಇದೆ. ಒಬ್ಬರೇ ಓಡುವಾಗ ಸುಸ್ತಾದರೆ ನಿಂತುಬಿಡುತ್ತೇವೆ. ರಿಲೇಯಲ್ಲಿ ಮುಂದಿನವರು ಕಾಯುತ್ತಿರುತ್ತಾರೆ, ಹೇಗೆ ನಿಲ್ಲೋದು ಅನ್ನುವ ದಾಕ್ಷಿಣ್ಯ ಕಾಡುತ್ತದೆ. ಆ ದಾಕ್ಷಿಣ್ಯಕ್ಕೆ ಓಟದ ದಿನ ಜಾಗವೇ ಸಿಗದ ಹಾಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ಕೆಳಗಿನ ಹೆಚ್ಚಿನ ಸಲಹೆಗಳೆಲ್ಲ ಅದಕ್ಕಾಗಿಯೇ.

ಮೊದಲನೇ ಹೆಜ್ಜೆ: ಡಾಕ್ಟರನ್ನು ಸರಿಯಾಗಿ ಕೇಳುವುದು

"ಓಡಬಹುದಾ?" ಎಂದು ಕೇಳಿದರೆ "ಸ್ವಲ್ಪ ದಿನ ಬಿಟ್ಟು ಓಡಿ" ಎನ್ನುವ ಉತ್ತರ ಬರುತ್ತದೆ. ಅವರ ಮನಸ್ಸಿನಲ್ಲಿರುವ ಓಟ ಮನೆ ಹತ್ತಿರದ ಪಾರ್ಕಿನದು. ಹೀಗೆ ಕೇಳಿ: "ಸರ್, ಇನ್ನು ಎರಡು ತಿಂಗಳಿಗೆ ಕಾಡುದಾರಿಯಲ್ಲಿ 8 ಕಿಲೋಮೀಟರ್ ಓಡಬೇಕು. ಅದರಲ್ಲಿ 200 ಮೀಟರ್ ಏರು ಇದೆ. ನನ್ನ ರಕ್ತ, ಎದೆ ಎರಡೂ ಅದಕ್ಕೆ ಸರಿ ಇವೆಯಾ?"

ರಕ್ತದ ವಿಷಯಕ್ಕೆ ಬಂದರೆ, ಡೆಂಗಿ ಆದವರೆಲ್ಲ ಪ್ಲೇಟ್‌ಲೆಟ್ ಲೆಕ್ಕವನ್ನೇ ಹಿಡಿದುಕೊಂಡಿರುತ್ತಾರೆ. ಅದು ಒಂದೂವರೆ ಲಕ್ಷ ದಾಟಿದ ಕೂಡಲೇ ಗುಣವಾಯಿತು ಎಂದುಕೊಳ್ಳುತ್ತಾರೆ. ಪ್ಲೇಟ್‌ಲೆಟ್ ಕೆಲವೇ ದಿನಗಳಲ್ಲಿ ಮೇಲೆ ಬರುತ್ತದೆ. ಸುಸ್ತು ವಾರಗಟ್ಟಲೆ ಉಳಿಯಬಹುದು. ಓಡುವವರು ನೋಡಬೇಕಾದ ಇನ್ನೊಂದು ಅಂಕಿ ಹಿಮೋಗ್ಲೋಬಿನ್. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಅದನ್ನು ಇಟ್ಟುಕೊಂಡು ಗಿರಿ ಹತ್ತಿದರೆ ಉಸಿರು ಸಾಲುವುದಿಲ್ಲ. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಕಾಫಿ, ಟೀ ಜೊತೆ ನುಂಗಬೇಡಿ. ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ ಸೀಮೆಯಲ್ಲಿ ಇದು ಕಷ್ಟದ ಮಾತು, ಆದರೂ ಒಂದೆರಡು ಗಂಟೆ ಅಂತರ ಇರಲಿ.

ಎದೆಯ ವಿಷಯ ಇನ್ನೂ ಮುಖ್ಯ. ಕೆಲವು ವೈರಸ್ ಜ್ವರಗಳಲ್ಲಿ ಹೃದಯದ ಸ್ನಾಯು ಊದಿಕೊಳ್ಳುತ್ತದೆ. ಇದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಆದವರು ಓಡಿದರೆ ಪ್ರಾಣಕ್ಕೇ ಅಪಾಯ. ಜ್ವರದ ಸಮಯದಲ್ಲಿ ಅಥವಾ ಆಮೇಲೆ ಎದೆನೋವು, ಎದೆ ಸುಮ್ನೆ ಡವಗುಟ್ಟುವುದು, ಮಲಗಿದಾಗ ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಇದ್ದಿದ್ದರೆ ಮುಚ್ಚಿಡಬೇಡಿ. ಇಸಿಜಿ ಮಾಡಿಸಿ. ಮಯೋಕಾರ್ಡೈಟಿಸ್ ಎಂದು ಗೊತ್ತಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಸ್ಪರ್ಧೆಯ ಓಟ ಬೇಡ ಎನ್ನುತ್ತಾರೆ. ಅಲ್ಲಿಗೆ ಈ ವರ್ಷದ ರಿಲೇ ಮುಗಿಯಿತು, ತಂಡದ ಜೊತೆ ಬೇರೆ ಕೆಲಸಕ್ಕೆ ಹೋಗಿ.

ನೀವು ನುಂಗಿದ ಮಾತ್ರೆಗಳ ಚೀಟಿಯನ್ನೂ ಒಮ್ಮೆ ತೆಗೆದು ನೋಡಿ. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಎಂಬ ಹೆಸರುಗಳು ಇವೆಯಾ? ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಕೈಗೆ ಸಿಗುವ, ಮೀನಖಂಡದ ಸ್ನಾಯುವನ್ನು ಮೂಳೆಗೆ ಕಟ್ಟುವ ದಪ್ಪ ಸ್ನಾಯುರಜ್ಜುವಿಗೆ ಅಕಿಲಿಸ್ ಎನ್ನುತ್ತಾರೆ. ಈ ಗುಂಪಿನ ಆಂಟಿಬಯಾಟಿಕ್‌ಗಳು ಅಪರೂಪಕ್ಕೆ ಅದಕ್ಕೆ ಊತ ತರುತ್ತವೆ, ಕೆಲವೊಮ್ಮೆ ಅದು ಹರಿದೂ ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಈ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿಸಿತು. ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾದದ್ದಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಹಿಂದೆ ನೋವು ಇದ್ದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಓಟಗಾರರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡನೇ ಹೆಜ್ಜೆ: ತಂಡಕ್ಕೆ ಹೇಳುವುದು, ಬದಲಿಯನ್ನು ಹುಡುಕುವುದು

ಇದನ್ನು ಮುಂದೂಡಬೇಡಿ. ತಂಡದವರನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿ. "ಅಣ್ಣ, ನನ್ನ ಪಾಲು ಕಮ್ಮಿ ಇರಲಿ. ಹಿಂದಿನ ದಿನ ನಾನು ಆಗಲ್ಲ ಅಂದ್ರೆ ಯಾಕೆ ಅಂತ ಕೇಳಬೇಡಿ. ನನ್ನ ಬದಲು ಇವಳು ಓಡ್ತಾಳೆ." ಇಷ್ಟು ಸಾಕು. ಬದಲಿಯವರು ನಿಜವಾಗಿ ತಯಾರಿ ಮಾಡುತ್ತಿರಬೇಕು. ಹೆಸರಿಗೆ ಮಾತ್ರ ಇದ್ದರೆ ಕೊನೆಗಳಿಗೆಯಲ್ಲಿ ನೀವೇ ಓಡಬೇಕಾಗುತ್ತದೆ. ಓಟ ನಡೆಸುವವರಿಗೆ ಫೋನ್ ಮಾಡಿ, ಹೆಸರು ಬದಲಿಸಲು ಕೊನೆಯ ದಿನ ಯಾವುದು ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಮನೆಯವರಿಗೂ ಹೇಳಬೇಕು. "ಈಗ ತಾನೇ ಎದ್ದಿದೀಯ, ಅದೆಂಥ ಓಟ" ಎಂದು ಅಮ್ಮ ಕೇಳುವುದು ಸರಿಯಾಗಿಯೇ ಇದೆ. ನಿಮ್ಮ ವಾರದ ಯೋಜನೆಯನ್ನೂ ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನೂ ಅವರಿಗೆ ತೋರಿಸಿ. ಮುಖ ಬಾಡಿದ್ದು, ಊಟ ಬಿಟ್ಟದ್ದು ಅವರಿಗೆ ನಿಮಗಿಂತ ಮೊದಲೇ ಕಾಣುತ್ತದೆ.

ಮೂರನೇ ಹೆಜ್ಜೆ: ಯಾವ ಪಾಲು ತೆಗೆದುಕೊಳ್ಳಬೇಕು

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಸುಮಾರು ಹತ್ತೂವರೆ ಕಿಲೋಮೀಟರ್ ಬರುತ್ತದೆ. ಆದರೆ ಗಿರಿಯಲ್ಲಿ ಎರಡು ಹತ್ತೂವರೆಗಳು ಒಂದೇ ಅಲ್ಲ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಆ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಗಟ್ಟಿಯಾಗಿರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ರಕ್ತ ಕಡಿಮೆಯಾದವರಿಗೆ, ಎದೆಯಲ್ಲಿ ಕಫ ಉಳಿದವರಿಗೆ ಇದು ಗೊತ್ತಾಗುತ್ತದೆ. ಕೈಮರದಿಂದ ಸೀತಾಳಯ್ಯನಗಿರಿ ಕಡೆಗೆ ಏರುವ ದಾರಿಯಂಥ ಪಾಲು ಬಂದರೆ ಅದನ್ನು ತಂಡದ ಗಟ್ಟಿ ಕಾಲಿನವರಿಗೆ ಬಿಡಿ.

ಹಾಗಾದರೆ ಇಳಿಜಾರಿನ ಪಾಲು ಒಳ್ಳೆಯದಲ್ವಾ ಎಂದು ಅನಿಸಬಹುದು. ಉಸಿರಿಗೆ ಹೌದು, ಕಾಲಿಗೆ ಅಲ್ಲ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕು. ಹಾಸಿಗೆಯಲ್ಲಿ ಮಲಗಿದಾಗ ಮೊದಲು ಕರಗುವುದು ಆ ಸ್ನಾಯುಗಳೇ. ಉದ್ದ ಇಳಿಜಾರಿನ ಕೊನೆಗೆ ತೊಡೆ ನಡುಗಲು ಶುರುವಾದರೆ ಜಲ್ಲಿಕಲ್ಲಿನ ಮೇಲೆ ಪಾದ ತಿರುಚುವುದು ಖಂಡಿತ.

ನೀವು ಕೇಳಿಕೊಳ್ಳಬೇಕಾದದ್ದು ತೋಟದ ನಡುವಿನ ಸಣ್ಣ ಏರುತಗ್ಗಿನ ಪಾಲು. ಸಿಲ್ವರ್ ಓಕ್ ನೆರಳು, ಮಣ್ಣಿನ ದಾರಿ, ಅಲ್ಲಲ್ಲಿ ತೋಟದ ಕೆಲಸಗಾರರ ಲೈನ್ ಮನೆ, ಜನ. ಅದಕ್ಕಿಂತ ಮುಖ್ಯವಾದ ಮಾತು ಒಂದಿದೆ: ಜೀಪು ಬರುವ ದಾರಿ ಪಕ್ಕದಲ್ಲೇ ಇರಬೇಕು. ಗಿರಿಸಾಲಿನ ಹುಲ್ಲುಗಾವಲಿನ ಮೇಲೆ ಓಡುವುದು ಎಷ್ಟೇ ಚಂದ ಇರಲಿ, ಅಲ್ಲಿ ಕುಸಿದರೆ ನಿಮ್ಮನ್ನು ಹೊತ್ತು ತರಬೇಕು. ಫೋನ್ ಸಿಗ್ನಲ್ ಕೂಡ ಎಲ್ಲ ಕಡೆ ಸಿಗುವುದಿಲ್ಲ. ನಕ್ಷೆ ಕೈಗೆ ಬಂದ ಕೂಡಲೇ 108 ವಾಹನ ಎಲ್ಲಿವರೆಗೆ ಬರಬಹುದು ಎಂದು ಗುರುತು ಹಾಕಿ. ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತದ ನಿಯಮಗಳಿವೆ, ನಿಮ್ಮ ತಂಡದ ಕಾರು ಎಲ್ಲಿವರೆಗೆ ಬರಬಹುದು ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಇನ್ನು ಸರದಿ. ಸಾಧ್ಯವಾದರೆ ಮೊದಲ ಪಾಲೇ ಕೇಳಿ. ಡೆಂಗಿ ಆದ ವರ್ಷ ನಾನು ಮೊದಲ ಪಾಲು ಓಡಿದ್ದೆ, ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಎಷ್ಟು ಗಂಟೆಗೆ ಓಡುತ್ತೀರಿ ಎಂದು ಮೊದಲೇ ಗೊತ್ತಿರುತ್ತದೆ. ನಿದ್ದೆ, ಊಟ, ಮಾತ್ರೆ ಎಲ್ಲವನ್ನೂ ಅದಕ್ಕೆ ಹೊಂದಿಸಬಹುದು. ಬಿಸಿಲೇರುವ ಮೊದಲೇ ನಿಮ್ಮ ಕೆಲಸ ಮುಗಿಯುತ್ತದೆ. ನಡುವಿನ ಪಾಲಿನಲ್ಲಿ ಕವಿಕಲ್ ಗಂಡಿಯಂಥ ಜಾಗದಲ್ಲಿ, ಬೀಸುವ ಗಾಳಿಯಲ್ಲಿ, ಗಂಟೆಗಟ್ಟಲೆ ಕಾಯಬೇಕಾಗಬಹುದು. ಆ ಚಳಿಗೇ ಮೈ ಕೈ ಬಿಗಿಯುತ್ತದೆ. ಕೊನೆಯ ಪಾಲಿನಲ್ಲಿ ಇಡೀ ತಂಡದ ಆಸೆ ನಿಮ್ಮ ಮೇಲೆ ಬಿದ್ದಿರುತ್ತದೆ. ಮೊದಲ ಪಾಲಿಗೆ ಇರುವ ತೊಂದರೆ ಒಂದೇ, ಜನರ ಗುಂಪು ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಎಲ್ಲರಿಗಿಂತ ಹಿಂದೆ ನಿಂತು ಶುರು ಮಾಡಿ.

ನಾಲ್ಕನೇ ಹೆಜ್ಜೆ: ಮತ್ತೆ ಓಟಕ್ಕೆ ಬರುವ ವಾರಗಳು

ಎಣಿಕೆ ಶುರುವಾಗುವುದು ಪ್ಯಾರಾಸಿಟಮಾಲ್ ಇಲ್ಲದೆ ಜ್ವರ ಬಾರದ ದಿನದಿಂದ. ಮಾತ್ರೆಯ ಬಲದಿಂದ ತಣ್ಣಗಿರುವ ಮೈ ಲೆಕ್ಕಕ್ಕಿಲ್ಲ. ಬರೀ ನೆಗಡಿಯಾಗಿದ್ದರೆ ಕೆಲವು ದಿನ ಸಾಕು. ಡೆಂಗಿ, ಟೈಫಾಯ್ಡ್, ನ್ಯುಮೋನಿಯಾ ಆದವರಿಗೆ ಡಾಕ್ಟರ್ ಒಪ್ಪಿದ ಮೇಲೂ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಟೈಫಾಯ್ಡ್ ಕೆಲವರಿಗೆ ಎರಡು ಮೂರು ವಾರ ಬಿಟ್ಟು ಮರಳಿ ಬರುತ್ತದೆ. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಒಮ್ಮೆ ಜ್ವರ ಬಿಟ್ಟು, ಒಂದೆರಡು ವಾರ ಕಳೆದು, ಎರಡನೇ ಸಲ ಏರುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಆತುರ ಬೇಡವೇ ಬೇಡ.

ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ. ಮಣಿಕಟ್ಟಿನ ಮೇಲೆ ಎರಡು ಬೆರಳು, ಅರ್ಧ ನಿಮಿಷ, ಎರಡರಿಂದ ಗುಣಿಸಿ. ಕ್ಯಾಲೆಂಡರಿನಲ್ಲೇ ಬರೆದಿಡಿ. ಒಂದು ವಾರ ಕಳೆದರೆ ನಿಮ್ಮ ಮಾಮೂಲಿ ಲೆಕ್ಕ ಎಷ್ಟು ಎಂದು ತಿಳಿಯುತ್ತದೆ. ಅದಕ್ಕಿಂತ ಹತ್ತು ಜಾಸ್ತಿ ಬಂದ ದಿನ ಓಟ ಇಲ್ಲ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಬಡಿತ ಏರುತ್ತದೆ, ಥರ್ಮಾಮೀಟರ್ ಹುಡುಕುವ ಮೊದಲೇ ಬೆರಳಿಗೆ ಸುಳಿವು ಸಿಗುತ್ತದೆ. ಡೆಂಗಿ ಆದ ಕೆಲವರಿಗೆ ಇದಕ್ಕೆ ತದ್ವಿರುದ್ಧವಾಗಿ ನಾಡಿ ತೀರಾ ನಿಧಾನ ಆಗುವುದುಂಟು. ಜೊತೆಗೆ ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸಿ.

ಮೊದಲ ವಾರ ಬರೀ ನಡಿಗೆ, ಹತ್ತು ಹದಿನೈದು ನಿಮಿಷ, ಸಮತಟ್ಟಾದ ಜಾಗದಲ್ಲಿ. ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಟದ ಮೈದಾನ. ಎರಡನೇ ವಾರ ಅರ್ಧ ಗಂಟೆ ನಡಿಗೆ, ಜೊತೆಗೆ ಮನೆಯ ಮೆಟ್ಟಿಲು ಹತ್ತಿಳಿಯುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಇದು ತೊಡೆಗೆ. ಮೂರನೇ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ನಾಲ್ಕನೇ ವಾರ ಓಟ ಜಾಸ್ತಿ, ನಡಿಗೆ ಕಮ್ಮಿ. ಐದನೇ ವಾರ ಸಣ್ಣ ದಿಬ್ಬ ಸೇರಿಸಿ, ಏರುವಾಗ ನಡೆಯಿರಿ. ಒಂದು ದಿನ ಓಡಿದರೆ ಮರುದಿನ ಬಿಡುವು. ಎಲ್ಲ ಓಟವೂ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಇರಬೇಕು. ಯಾವುದೇ ವಾರ ಸರಿ ಬರದಿದ್ದರೆ ಹಿಂದಿನ ವಾರವನ್ನೇ ಮತ್ತೆ ಮಾಡಿ. ಓಟದ ತಾರೀಕಿಗೆ ಹೊಂದಿಸಲು ವಾರಗಳನ್ನು ಹಾರಿಸುವುದಾದರೆ ಬದಲಿಯವರಿಗೆ ಬಿಟ್ಟುಕೊಡುವುದೇ ಸರಿ.

ಊಟದಲ್ಲಿ ಪಥ್ಯ ಎಂದು ಬರೀ ಗಂಜಿ ಕುಡಿದು ವಾರಗಟ್ಟಲೆ ಇರುವವರಿದ್ದಾರೆ. ಹೊಟ್ಟೆ ಸರಿಹೋದ ಮೇಲೆ ಮೊಟ್ಟೆ, ಮೊಸರು, ಹೆಸರುಕಾಳು, ಮೀನು, ಸೊಪ್ಪು ಸೇರಿಸಿ. ಕರಗಿದ ಸ್ನಾಯು ಗಂಜಿಯಿಂದ ಮಾತ್ರ ವಾಪಸ್ ಬರುವುದಿಲ್ಲ.

ಒಂದು ಎಚ್ಚರಿಕೆ. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಆನೆಗಳು ಓಡಾಡುತ್ತವೆ. ನಸುಕಿನಲ್ಲಿ ಒಬ್ಬರೇ ಅಭ್ಯಾಸಕ್ಕೆ ಇಳಿಯಬೇಡಿ. ಗಟ್ಟಿ ಕಾಲಿದ್ದವರೇ ಆನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬೆಳಕು ಹರಿದ ಮೇಲೆ, ಅರಣ್ಯ ಇಲಾಖೆಯ ಸೂಚನೆ ನೋಡಿ, ತೋಟದವರನ್ನು ಕೇಳಿ ಹೋಗಿ. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಟವೂ ಇದೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಇತ್ತೀಚೆಗೂ ಕಾಣಿಸಿಕೊಂಡಿದೆ. ಉದ್ದ ಕಾಲುಚೀಲ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ಐದನೇ ಹೆಜ್ಜೆ: ತೀರ್ಮಾನದ ಓಟ

ಓಟಕ್ಕೆ ಹತ್ತು ದಿನ ಮುಂಚೆ ನಿಮ್ಮ ಪಾಲಿನ ಮೂರನೇ ಎರಡು ಭಾಗವನ್ನು ಅಂಥದ್ದೇ ದಾರಿಯಲ್ಲಿ ನಿಧಾನ ಓಡಿ. ಪಾಲು 9 ಕಿಲೋಮೀಟರ್ ಇದ್ದರೆ 6. ಅವತ್ತು ಹೇಗಿತ್ತು ಎಂಬುದರ ಮೇಲೆ ತೀರ್ಮಾನ ಮಾಡಬೇಡಿ. ಅವತ್ತು ಎಲ್ಲರಿಗೂ ಖುಷಿಯಾಗಿಯೇ ಇರುತ್ತದೆ. ಕಾಯಿಲೆಯ ನಂತರದ ಸುಸ್ತು ಒಂದೆರಡು ದಿನ ತಡವಾಗಿ ಬರುತ್ತದೆ. ಮರುದಿನ ಮತ್ತು ಅದರ ಮರುದಿನ ಬೆಳಿಗ್ಗೆ ನೋಡಿ. ನಾಡಿ ಮಾಮೂಲಿಗೆ ಬಂತಾ? ನಿದ್ದೆ ಬಂತಾ? ಮೆಟ್ಟಿಲು ಹತ್ತಲು ಆಯಿತಾ? ಮಾಮೂಲಿ ಕೆಲಸಕ್ಕೆ ಹೋಗಲಾರದಷ್ಟು ಮೈ ಬಿದ್ದುಹೋದರೆ ಈ ಸಲ ಓಡಬೇಡಿ. ಅವತ್ತೇ ಬದಲಿಯವರಿಗೆ ಫೋನ್ ಮಾಡಿ. ತಂಡದ ಜೊತೆ ಹೋಗಿ, ನೀರು ಕೊಡಿ, ಗಡಿಯಾರ ಹಿಡಿಯಿರಿ. ರಿಲೇ ತಂಡಕ್ಕೆ ಅಂಥವರೂ ಬೇಕು.

ಆರನೇ ಹೆಜ್ಜೆ: ಹಿಂದಿನ ದಿನ, ಓಟದ ಬೆಳಿಗ್ಗೆ

ಬೇಗ ಮಲಗಿ. ಶುರುವಾಗುವ ಎರಡು ಮೂರು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು, ಗಂಜಿ, ಯಾವುದು ಒಗ್ಗಿದೆಯೋ ಅದನ್ನೇ ತಿನ್ನಿ. ಓಆರ್‌ಎಸ್ ಪೊಟ್ಟಣ ಪೂರ್ತಿ ಅದರ ಮೇಲೆ ಬರೆದಷ್ಟು ನೀರಿಗೆ (ದೊಡ್ಡ ಪೊಟ್ಟಣವಾದರೆ ಒಂದು ಲೀಟರ್) ಹಾಕಬೇಕು, ಕಮ್ಮಿ ನೀರಿಗೆ ಹಾಕಿ ಗಟ್ಟಿ ಮಾಡಬೇಡಿ. ಬಾಯಾರಿದಷ್ಟು ಕುಡಿಯಿರಿ. ಬರೀ ನೀರನ್ನೇ ಬಲವಂತವಾಗಿ ಜಾಸ್ತಿ ಕುಡಿದರೆ ರಕ್ತದ ಉಪ್ಪಿನ ಅಂಶ ಇಳಿದು ಅದೇ ಅಪಾಯ.

ನೋವಿನ ಮಾತ್ರೆ ನುಂಗಿ ಓಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೆವರಿ ಒಣಗಿದ ಮೈಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಜ್ವರವನ್ನು ಪ್ಯಾರಾಸಿಟಮಾಲ್‌ನಿಂದ ಇಳಿಸಿಕೊಂಡು ಓಡುವುದಂತೂ ಬೇಡವೇ ಬೇಡ. ಅವತ್ತು ಬೆಳಿಗ್ಗೆ ಮೈ ಬಿಸಿ ಇದ್ದರೆ ಓಟ ರದ್ದು. ಅದಕ್ಕೆ ಚರ್ಚೆ ಇಲ್ಲ.

ಚೀಲದಲ್ಲಿ ಒಣ ಬನಿಯನ್, ಸ್ವೆಟರ್, ಟೋಪಿ, ಒಂದು ಕಂಬಳಿ, ಕಡಲೆಮಿಠಾಯಿ. ಜೇಬಿನಲ್ಲಿ ಒಂದು ಚೀಟಿ: ಹೆಸರು, ಮನೆಯವರ ಫೋನ್, ರಕ್ತದ ಗುಂಪು, ಯಾವ ಕಾಯಿಲೆ ಆಗಿತ್ತು, ಈಗ ಯಾವ ಮಾತ್ರೆ. ಉಬ್ಬಸಕ್ಕೆ ಇನ್‌ಹೇಲರ್ ಬಳಸುವವರು ಅದನ್ನು ಚೀಲದಲ್ಲಿ ಬಿಡದೆ ಮೈಮೇಲೇ ಇಟ್ಟುಕೊಳ್ಳಿ.

ಏಳನೇ ಹೆಜ್ಜೆ: ದಾರಿಯಲ್ಲಿ

ಮೊದಲ ಹತ್ತು ನಿಮಿಷ ನಡಿಗೆ ಮತ್ತು ಜಾಗಿಂಗ್. ಏರು ಕಂಡರೆ ನಡೆಯಿರಿ, ಗಿರಿ ಓಟದಲ್ಲಿ ಪಳಗಿದವರೂ ನಡೆಯುತ್ತಾರೆ. ಪಾಲಿನ ಅರ್ಧ ದಾರಿಯಲ್ಲಿ ಒಂದು ನಿಮಿಷ ನಿಂತು ಉಸಿರು ನೋಡಿ. ಆ ಒಂದು ನಿಮಿಷದಲ್ಲಿ ಉಸಿರು ತಿಳಿಯಾಗಬೇಕು. ಆಗದಿದ್ದರೆ ಉಳಿದ ದಾರಿ ಪೂರ್ತಿ ನಡಿಗೆ. ಕೊಯ್ಲಿನ ಸಮಯವಾದ್ದರಿಂದ ತಿರುವಿನಲ್ಲಿ ಟ್ರ್ಯಾಕ್ಟರ್, ಪಿಕಪ್ ಎದುರಾಗಬಹುದು, ಕಿವಿಗೆ ಇಯರ್‌ಫೋನ್ ಹಾಕಬೇಡಿ.

ಕೆಲವು ಲಕ್ಷಣಗಳಿಗೆ ನಡಿಗೆಯೂ ಸಾಲದು, ಪೂರ್ತಿ ನಿಲ್ಲಬೇಕು. ಎದೆ ಬಿಗಿತ ಅಥವಾ ನೋವು. ಎದೆಬಡಿತ ತಾಳ ತಪ್ಪಿದ ಹಾಗೆ ಅನಿಸುವುದು. ಕಣ್ಣು ಕತ್ತಲೆ. ಓಡುತ್ತಿರುವಾಗಲೇ ಚಳಿ ಹತ್ತಿ ಮೈ ಜುಮ್ಮೆನ್ನುವುದು. ಕೂತುಕೊಳ್ಳಿ, ಹಿಂದೆ ಬರುವ ಓಟಗಾರರಿಗೆ ಹೇಳಿ, ದಾರಿ ಕಾಯುವ ಸ್ವಯಂಸೇವಕರಿಗೆ ಸುದ್ದಿ ಮುಟ್ಟಿಸಿ. ಎದೆನೋವಾದರೆ 108ಕ್ಕೆ ಫೋನ್. ಮುಂದಿನವರು ಕಾಯುತ್ತಿರುತ್ತಾರೆ ಎಂಬ ಯೋಚನೆ ಬರುತ್ತದೆ. ಅವರಿಗೆ ಮೊದಲೇ ಹೇಳಿದ್ದೀರಿ, ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಎಂಟನೇ ಹೆಜ್ಜೆ: ಪಾಲು ಮುಗಿದ ಮೇಲೆ

ಮುಂದಿನವರ ಕೈಗೆ ಬ್ಯಾಟನ್ ಕೊಟ್ಟ ಕೂಡಲೇ ಕೂರಬೇಡಿ, ಐದು ನಿಮಿಷ ನಡೆಯಿರಿ. ಆಮೇಲೆ ಒದ್ದೆ ಬಟ್ಟೆ ಬದಲಿಸಿ. ಗಿರಿಯ ಗಾಳಿಯಲ್ಲಿ ಬೆವರಿದ ಬನಿಯನ್ ಹಾಕಿಕೊಂಡು ಫೋಟೊ ತೆಗೆಯುತ್ತಾ ನಿಂತರೆ ಚಳಿ ಹಿಡಿಯುತ್ತದೆ. ಒಂದು ಗಂಟೆಯೊಳಗೆ ಏನಾದರೂ ತಿನ್ನಿ. ಮೂತ್ರದ ಬಣ್ಣ ಗಮನಿಸಿ. ಕಾಫಿ ಡಿಕಾಕ್ಷನ್ ಬಣ್ಣ ಬಂದರೆ, ಜೊತೆಗೆ ಸ್ನಾಯು ಊದಿ ವಿಪರೀತ ನೋವಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅವತ್ತು ನೀವೇ ಕಾರು ಓಡಿಸಿಕೊಂಡು ಘಾಟಿ ಇಳಿಯಬೇಡಿ, ಬೇರೆಯವರು ಓಡಿಸಲಿ. ಮುಂದಿನ ಎರಡು ದಿನ ನಡಿಗೆ ಬಿಟ್ಟು ಬೇರೆ ವ್ಯಾಯಾಮ ಬೇಡ. ಮೂರನೇ ದಿನ ಬೆಳಿಗ್ಗೆ ನಾಡಿ ಎಣಿಸಿ. ಕ್ಯಾಲೆಂಡರಿನಲ್ಲಿರುವ ಮಾಮೂಲಿ ಲೆಕ್ಕಕ್ಕೆ ಬಂದಿದ್ದರೆ ಮೂರನೇ ವಾರದ ಓಟದಿಂದ ಮತ್ತೆ ಶುರು ಮಾಡಿ. ಬಂದಿಲ್ಲ ಎಂದರೆ ಇನ್ನೂ ಎರಡು ದಿನ ಬಿಟ್ಟು ನೋಡಿ. ಆಗಲೂ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗುವಾಗ ಆ ಕ್ಯಾಲೆಂಡರ್ ಹಾಳೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.